ಪಟ್ಟೆ ಬಟ್ಟೆಯ ಉದ್ದನೆಯ ಜೇಬು

ಅರ್ಕಾಷಾ,

ಕಳೆದ ಏಪ್ರಿಲ್ ತಿಂಗಳ ಎರಡನೇ ಶನಿವಾರ, ನಮ್ಮೂರಿನ ಸಂಸ್ಕೃತಿ ಭವನದ ತುಂಬಿದ ಸಭಾಂಗಣದಲ್ಲಿ, ನೀನು ಮಾಡಿದ ಸಿನಿಮಾದಲ್ಲಿ ಸತ್ತುಹೋದ ಗೆಳೆಯನೊಬ್ಬನನ್ನು ಕೊಲೆಗಾರನೆಂದು ತೋರಿಸಿದೆ. ಇದು ಎರಡನೇ ಸಲ. ಮೊದಲನೆಯದು ತೊಂಬತ್ತನಾಲ್ಕರ ಬೇಸಿಗೆಯಲ್ಲಿ, ನ್ಯಾಯಾಲಯದಲ್ಲಿ. ಆಗ ತೀಷಾ, ನಮ್ಮ ತಿಖೋನ್, ಬದುಕಿದ್ದ, ನಿನ್ನೆದುರಿಗೇ ಕಟಕಟೆಯಲ್ಲಿ ನಿಂತಿದ್ದ. ಈ ಸಲ ಅವನು ಊರ ಹೊರಗಿನ ಬರ್ಚ್ ಮರಗಳ ಕೆಳಗೆ ಮಲಗಿದ್ದಾನೆ. ಎದ್ದು ಬಂದು ಅಲ್ಲ ಎನ್ನಲಾರ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಒಂದು ಪ್ರತಿಯನ್ನು ಊರಿನ ಪತ್ರಿಕೆಗೂ ಕೊಟ್ಟಿದ್ದೇನೆ. ನಿನ್ನನ್ನು ಈಗ ಎಲ್ಲರೂ ಅರ್ಕಾದಿ ಲ್ವೋವಿಚ್ ಎಂದು ತಂದೆಯ ಹೆಸರು ಸೇರಿಸಿ ಗೌರವದಿಂದ ಕರೆಯುತ್ತಾರೆ. ನನಗೆ ಹಾಗೆ ಕರೆಯಲು ಬಾಯಿ ಬರುವುದಿಲ್ಲ.

ಸಿನಿಮಾ ನೋಡಲು ನಾನು ಒಬ್ಬಳೇ ಬಂದಿರಲಿಲ್ಲ. ಪಕ್ಕದಲ್ಲಿ ಉಸ್ತೀನ್ಯಾ ಇದ್ದಳು, ತೀಷಾನ ಮಗಳು. "ಮಾಸ್ಕೋದಿಂದ ಅಪ್ಪನ ಗೆಳೆಯರೇ ಬರ್ತಾರಂತೆ ಝೋಯಾ ಅತ್ತೆ, ನಿಮ್ಮ ಮೂರೂ ಜನರ ಕಥೆಯಂತೆ" ಎಂದು ಅವಳೇ ಟಿಕೆಟ್ ತಂದಿದ್ದಳು. ಹಬ್ಬಕ್ಕೆ ಬಂದವಳಂತೆ ಬಿಳಿ ಅಂಗಿ ತೊಟ್ಟಿದ್ದಳು. ಪರದೆಯ ಮೇಲೆ ಮೂವರು ಗೆಳೆಯರು ಬಿಳಿ ಜಿಗುಲಿ ಕಾರಿನಲ್ಲಿ ಉತ್ತರಕ್ಕೆ ಓಡುತ್ತಿದ್ದರು. ಹಿಂದೆ ಗೂಂಡಾಗಳು, ಗೂಂಡಾಗಳ ಹಿಂದೆ ಪೊಲೀಸರು. ಆ ಗೆಳೆಯರಲ್ಲೊಬ್ಬ ತೀಷಾನ ಹಾಗೇ ಕಿವಿಟೋಪಿಯನ್ನು ಓರೆಯಾಗಿಟ್ಟುಕೊಂಡು, ಅವನ ಹಾಗೇ ಮೂಗಿನಲ್ಲಿ ನಗುತ್ತಿದ್ದ. ಉಸ್ತೀನ್ಯಾ ನನ್ನ ಕೈ ಅದುಮಿದಳು. ಆಮೇಲೆ ಆ ಟೋಪಿಯವನು ವೋಡ್ಕಾ ಬಾಟಲಿಯನ್ನು ತೊಡೆಯ ನಡುವೆ ಇಟ್ಟುಕೊಂಡು ಗಾಡಿ ಓಡಿಸಿದ. ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದ ಮುದುಕನ ಮೇಲೆ ಹಾಯಿಸಿ ಕೊಂದ. ನನ್ನ ಕೈಯಲ್ಲಿದ್ದ ಅವಳ ಕೈ ಜಾರಿತು. ಮುಗಿದ ಮೇಲೆ ಕೋಟು ವಾಪಸು ಪಡೆಯುವ ಸಾಲಿನಲ್ಲಿ ನಿಂತಿದ್ದಾಗ, ಮುಖ ತಿರುಗಿಸದೆ ಕೇಳಿದಳು: "ನಮ್ಮಪ್ಪ ಅಷ್ಟು ಕುಡೀತಿದ್ರಾ ಅತ್ತೆ? ನನ್ನ ಹತ್ರ ಯಾಕೆ ಮುಚ್ಚಿಟ್ರಿ?"

ಅವಳು ಶಿಶುವಿಹಾರದಲ್ಲಿ ಕೆಲಸ ಮಾಡುತ್ತಾಳೆ. ಮಕ್ಕಳು ದಿನವಿಡೀ "ಉಸ್ತೀನ್ಯಾ ತಿಖೋನೊವ್ನಾ, ಉಸ್ತೀನ್ಯಾ ತಿಖೋನೊವ್ನಾ" ಎಂದು ಕೂಗುತ್ತಿರುತ್ತವೆ. ಆ ಹೆಸರಿನ ಅರ್ಧ ಅವಳ ಅಪ್ಪನದು. ನಿನ್ನ ಸಿನಿಮಾ ನೋಡಿ ಬಂದ ತಾಯಂದಿರು ಈಗ ಆ ಹೆಸರು ಕೇಳಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಷ್ಟಕ್ಕೇ ಈ ಪತ್ರ. ನನಗೆ ನಿನ್ನಿಂದ ಬೇರೇನೂ ಆಗಬೇಕಿಲ್ಲ.

ಸಿನಿಮಾದಲ್ಲಿ ನೀನು ಸರಿಯಾಗಿ ತೋರಿಸಿದ್ದೂ ಬಹಳ ಇದೆ, ಅದನ್ನೂ ಹೇಳಬೇಕು. ಮಾರುಕಟ್ಟೆಯ ಮೂಲೆಯಲ್ಲಿ ನಮ್ಮ ಕ್ಯಾಸೆಟ್ ಅಂಗಡಿ, ಅದರ ನೀಲಿ ಟಾರ್ಪಾಲು, ಹಫ್ತಾ ವಸೂಲಿಗೆ ಬರುವ ಚರ್ಮದ ಜಾಕೆಟ್ಟಿನ ಹುಡುಗರು, ಎಲ್ಲ ಹಾಗೇ ಇದ್ದವು. ನಮ್ಮ ಸರಕನ್ನೆಲ್ಲ ಅವರು ಹೊತ್ತುಕೊಂಡು ಹೋದ ಮೇಲೆ ನಾವು ಅವರ ಗೋದಾಮಿನ ಬೀಗ ಒಡೆದು ನಮ್ಮ ಪೆಟ್ಟಿಗೆಗಳನ್ನು ನಾವೇ ಕದ್ದದ್ದೂ ನಿಜ. ಆ ಪೆಟ್ಟಿಗೆಗಳ ಜೊತೆಗೆ ಅವರ ಪಿಸ್ತೂಲುಗಳಿದ್ದ ಇನ್ನೊಂದು ಪೆಟ್ಟಿಗೆಯೂ ಕತ್ತಲಲ್ಲಿ ನಮ್ಮ ಕೈಗೆ ಬಂದದ್ದು, ಅದನ್ನು ಕಾಮಾ ನದಿಯ ಹಿಮದ ಬಿರುಕಿಗೆ ಎಸೆದು ನಾವು ಊರು ಬಿಟ್ಟದ್ದು, ಅದೂ ನಿಜ. "ಸರ್ಕಾರಾನೂ ನಮ್ಮ ಹಿಂದೆ, ಕಳ್ಳರೂ ನಮ್ಮ ಹಿಂದೆ. ಇಷ್ಟು ಮರ್ಯಾದೆ ನಮ್ಮಪ್ಪಂಗೂ ಸಿಕ್ಕಿರಲಿಲ್ಲ ಕಣೋ" ಎಂದು ತೀಷಾ ಹಿಂದಿನ ಸೀಟಿನಿಂದ ಹೇಳಿದ್ದನ್ನು ನೀನು ಒಂದಕ್ಷರ ಬಿಡದೆ ಹಾಕಿದ್ದೀಯ. ಜನ ನಕ್ಕರು. ಆದರೆ ಆ ಮಾತನ್ನು ನಿನ್ನ ಪಾತ್ರದ ಬಾಯಲ್ಲಿ ಆಡಿಸಿದೆಯಲ್ಲ!

ನಿಮ್ಮಪ್ಪನ ಕಾರನ್ನು ನೀನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ತೀಷಾ ಒಮ್ಮೆ, "ಒಂದ್ ಸ್ವಲ್ಪ ದೂರ ಕೊಡೋ, ನೀನು ಕಣ್ಮುಚ್ಕೋ" ಎಂದದ್ದಕ್ಕೆ, "ಹೆಂಡ್ತೀನ್ ಬೇಕಾದ್ರೆ ಕೇಳು, ಗಾಡಿ ಕೇಳ್ಬೇಡ" ಎಂದೆ. "ನಿಂಗೆ ಹೆಂಡ್ತಿ ಎಲ್ಲಿದ್ದಾಳೋ?" ಎಂದು ಅವನು. ಇಬ್ಬರೂ ಕನ್ನಡಿಯಲ್ಲಿ ನನ್ನ ಮುಖ ನೋಡಿದಿರಿ. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಈಗಿನ ಹುಡುಗರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿ ಬರೆಯಬೇಕು. ನಮ್ಮ ಕಾಲದಲ್ಲಿ ಕಾರು ನಿಲ್ಲಿಸಿದವನು ಮುಂದಿನ ಗಾಜಿನ ಎರಡೂ ವೈಪರ್‌ಗಳನ್ನು ಕಿತ್ತುಕೊಂಡೇ ಹೋಗುತ್ತಿದ್ದ. ಬಿಟ್ಟರೆ ಹಿಂತಿರುಗುವಷ್ಟರಲ್ಲಿ ಯಾರೋ ಎಗರಿಸಿರುತ್ತಿದ್ದರು. ಕೊಳ್ಳೋಣವೆಂದರೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಮದುವೆಗೆ ಬಂದ ಗಂಡಸರೂ, ಹೆಣ ಹೂಳಲು ಬಂದ ಗಂಡಸರೂ ವೈಪರ್ ಹಿಡಿದುಕೊಂಡೇ ನಿಂತಿರುತ್ತಿದ್ದರು. ಕೀಲಿ ಯಾರ ಹತ್ತಿರವೋ ವೈಪರ್ ಅವನ ಹತ್ತಿರ. ನಿನ್ನವು ಎರಡು ಸಲ ಕಳುವಾಗಿದ್ದವು. ಆಮೇಲೆ ನೀನು ಆ ವಿಷಯದಲ್ಲಿ ಹುಚ್ಚನಂತಾದೆ. ನಿನ್ನ ಕೋಟಿನ ಒಳಗೆ, ಎಡಗಡೆ, ಹಾಸಿಗೆಯ ಪಟ್ಟೆ ಬಟ್ಟೆಯಿಂದ ಉದ್ದನೆಯ ಜೇಬೊಂದನ್ನು ಹೊಲಿದುಕೊಟ್ಟವಳು ನಾನು. ಎದೆಯ ಬಳಿ ಬರಬೇಕೆಂದು ಅಳತೆ ತೆಗೆದುಕೊಂಡದ್ದೂ ನೆನಪಿದೆ. ಆಗ ಹೇಳಬೇಕೆಂದಿದ್ದ ಮಾತನ್ನು ದಾರ ಕಚ್ಚಿಕೊಂಡ ನೆಪದಲ್ಲಿ ನುಂಗಿದೆ. ಆಮೇಲೆ ಹೇಳುವ ಸಂದರ್ಭ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಓಡುತ್ತ ಓಡುತ್ತ ನನಗೆ ಜ್ವರ ಬಂತು. ಮಾರ್ಚ್ ತಿಂಗಳು, ಹಿಮ ಕರಗಿ ರಸ್ತೆಯೆಲ್ಲ ಕಪ್ಪು ಕೆಸರು. ಕಾಡಿನ ನಡುವಿನ ಹಳ್ಳಿಯೊಂದರಲ್ಲಿ ಗ್ಲಫೀರಾ ಅಜ್ಜಿ ಕೇಳದೆ ಹೇಳದೆ ನನ್ನನ್ನು ಒಲೆಯ ಮೇಲಿನ ಬೆಚ್ಚಗಿನ ಅಟ್ಟಕ್ಕೆ ಹತ್ತಿಸಿ ಮಲಗಿಸಿದಳು. ನೀನು ಅಲ್ಲಿಯೂ ವೈಪರ್ ಕಿತ್ತು ಜೇಬಿಗಿಟ್ಟುಕೊಂಡೇ ಒಳಗೆ ಬಂದೆ. ತೀಷಾ ಸುಮ್ಮನಿದ್ದಾನೆಯೇ?

"ಇಲ್ಯಾರೋ ಕದೀತಾರೆ? ಕೋಳಿಗಳಾ?"

"ಕೋಳಿಗಳ್ನೂ ನಂಬಲ್ಲ ನಾನು."

"ಅಜ್ಜಿ, ಇವ್ನ ಪಕ್ಕ ನಿಮ್ಮ ಹುಂಜಾನ ಬಿಡ್ಬೇಡಿ. ಜೇಬಿಗ್ ಹಾಕ್ಕೊಂಡ್ ಬಿಡ್ತಾನೆ."

ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆ ನಗು ಮುಗಿಯುವ ಮೊದಲೇ ಅಂಚೆಯವಳು ಬಾಗಿಲು ತಳ್ಳಿಕೊಂಡು ಬಂದು, ಪಕ್ಕದ ಊರಿನಲ್ಲಿ ಪೊಲೀಸ್ ಜೀಪು ನಿಂತಿದೆ, ಬಿಳಿ ಜಿಗುಲಿಯನ್ನು ವಿಚಾರಿಸುತ್ತಿದ್ದಾರೆ ಎಂದಳು. ನನ್ನಿಂದ ಏಳಲಾಗಲಿಲ್ಲ. "ಎರಡೇ ದಿನ, ಬಂದು ಕರ್ಕೊಂಡ್ ಹೋಗ್ತೀನಿ" ಎಂದೆ ನೀನು. ಹಾಗೇ ಓಡುವವನಿದ್ದೆ. ತೀಷಾ ನಿನ್ನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದ: "ಕೂತು ಹೊರಡ್ಬೇಕು ಕಣೋ. ಕೂರದೆ ಹೊರಟೋರ ದಾರಿ ಚೆನ್ನಾಗಿರಲ್ಲ." ನೀನು ಕೂತೆಯೋ ಇಲ್ಲವೋ ಅನ್ನುವಷ್ಟರಲ್ಲಿ ಎದ್ದೆ. ಅಜ್ಜಿ ತೀಷಾನ ಕೈಗೆ ಉಪ್ಪಿನಲ್ಲಿ ಹಾಕಿದ ಅಣಬೆಯ ಜಾಡಿಯೊಂದನ್ನು ತುರುಕಿದಳು. ಅಟ್ಟದ ಪಕ್ಕದ ಸಣ್ಣ ಕಿಟಕಿಯಿಂದ ನಾನು ಕಣ್ಣಾರೆ ನೋಡಿದೆ. ಬಿಸಿಲಿತ್ತು. ಗಾಡಿ ಓಡಿಸಲು ನೀನು ಕೂತೆ. ಜಾಡಿಯನ್ನು ಮಗುವಿನಂತೆ ತಬ್ಬಿಕೊಂಡು ಅವನು ಪಕ್ಕದಲ್ಲಿ ಕೂತ. ನಿನ್ನ ಸಿನಿಮಾದಲ್ಲಿ ವೋಡ್ಕಾ ಬಾಟಲಿಯಾಗಿರುವುದು ಆ ಅಣಬೆಯ ಜಾಡಿ.

ದಿಬ್ಬ ಇಳಿದರೆ ಹೆದ್ದಾರಿ. ಅಜ್ಜಿಯ ಮನೆಯ ಹೊಗೆ ಅಲ್ಲಿಗೆ ಕಾಣುತ್ತದೆ. ಅಲ್ಲಿ ಏನಾಯಿತೆಂದು ತೀಷಾ ನನಗೆ ಆಮೇಲೆ ಜೈಲಿನ ಭೇಟಿಯ ಕೋಣೆಯಲ್ಲಿ ಹೇಳಿದ. ಬಿಸಿಲಿದೆಯೆಂದು, ಆತುರವೆಂದು, ನೀನು ವೈಪರ್‌ಗಳನ್ನು ಮತ್ತೆ ಗಾಜಿಗೆ ಸಿಕ್ಕಿಸಿರಲಿಲ್ಲ. ಎದುರಿನಿಂದ ಮರದ ದಿಮ್ಮಿಯ ಲಾರಿ ಬಂತು. ಕೆಸರು ಗಾಜಿನ ತುಂಬ ರಾಚಿತು. ಕಪ್ಪು ಪರದೆ ಎಳೆದಂತಾಯಿತು. ನೀನು ಬ್ರೇಕು ಒತ್ತಲಿಲ್ಲ, ಹಿಂದೆ ಜೀಪು ಬರುತ್ತಿದೆಯೆಂಬ ಭಯ. ಒಂದು ಸದ್ದಾಯಿತು. ಒಲೆ ಕಟ್ಟುವ ಸವೇಲಿ ಎಂಬ ಮುದುಕ, ಇಟ್ಟಿಗೆಗಳನ್ನು ಹಿಮಗಾಡಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದವನು, ಹಳ್ಳಕ್ಕೆ ಬಿದ್ದಿದ್ದ. ಕಾರೂ ಹಳ್ಳಕ್ಕಿಳಿದಿತ್ತು. ನೀನು ಕಾಡಿಗೆ ಓಡಿದೆ. ತೀಷಾ ಓಡಲಿಲ್ಲ. ತನ್ನ ಕೋಟು ಬಿಚ್ಚಿ ಮುದುಕನಿಗೆ ಹೊದಿಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. "ಮಗಾ, ಚಳಿ" ಎಂದು ಸವೇಲಿ ಅನ್ನುತ್ತಿದ್ದನಂತೆ. ಪೊಲೀಸರು ಬಂದಾಗ ಕಾರಿನ ಬಳಿ ಬದುಕಿದ್ದವನು ಅವನೊಬ್ಬನೇ. ಅವರಿಗೆ ಅಷ್ಟೇ ಸಾಕಾಯಿತು.

ಜ್ವರ ಇಳಿದ ಮೇಲೆ ನಾನೇ ಹೋಗಿ ಕಂಡದ್ದನ್ನು ಹೇಳಿದೆ. ತನಿಖಾಧಿಕಾರಿ ಚಹಾ ಕೊಟ್ಟ. "ಜ್ವರದಲ್ಲಿದ್ದೆ ತಾಯಿ, ಏನೇನೋ ಕಂಡಿರುತ್ತೆ" ಎಂದ. "ಹಾಗಾದರೆ ಕಾರಿನ ವೈಪರ್ ಎಲ್ಲಿ?" ಎಂದು ಕೇಳಿದೆ. ಕಾರಿನಲ್ಲಿ ಇರಲಿಲ್ಲ, ತೀಷಾನ ಜೇಬಿನಲ್ಲೂ ಇರಲಿಲ್ಲ. "ನಮ್ಮ ದೇಶದಲ್ಲಿ ವೈಪರ್ ಎಲ್ಲಿ ಹೋಯ್ತು ಅಂತ ಯಾರಾದ್ರೂ ಕೇಳ್ತಾರಾ? ಯಾವನೋ ಕದ್ದ" ಎಂದು ನಕ್ಕು ಬಾಗಿಲು ತೋರಿಸಿದ. ಬೇಸಿಗೆಯಲ್ಲಿ ನೀನು ವಕೀಲನೊಂದಿಗೆ ನ್ಯಾಯಾಲಯಕ್ಕೆ ಬಂದೆ. "ತಿಖೋನ್ ಓಡಿಸ್ತಿದ್ದ. ನಾನು ಹಿಂದಿನ ಸೀಟಲ್ಲಿ ಮಲಗಿದ್ದೆ" ಎಂದೆ. ತೀಷಾ ಮೂಗಿನಲ್ಲಿ ಒಮ್ಮೆ ನಕ್ಕ. ಆಮೇಲೆ ಬಾಯಿ ತೆರೆಯಲೇ ಇಲ್ಲ.

ಜೈಲಿಗೆ ಹೋದಾಗ ನಾನು ಅವನನ್ನು ಬೈದೆ. "ಅವ್ನೇ ಎದ್ದು ನಿಂತು ಹೇಳ್ತಾನೆ ಅಂತ ಕಾದೆ ಝೋಯ್ಕಾ" ಎಂದ. "ಅವ್ನು ಹಾಗಂದ ಮೇಲೆ ನಾನೇನ್ ಹೇಳಿದ್ರೂ ಇಬ್ರು ಕಳ್ಳರು ಕಿತ್ತಾಡ್ದಂಗೆ ಇರ್ತಿತ್ತು. ಬಿಡು, ಇನ್ನೂ ಹೇಳ್ತಾನೆ." ಆಮೇಲೆ ಬಿಡುಗಡೆಯಾದ, ಬಾಯ್ಲರ್ ಮನೆಯಲ್ಲಿ ಕೆಲಸಕ್ಕೆ ಸೇರಿದ, ಮದುವೆಯಾದ, ಮಗಳು ಹುಟ್ಟಿದಳು. ಪ್ರತಿ ಮಾರ್ಚಿನಲ್ಲಿ ಆ ದಿಬ್ಬಕ್ಕೆ ಹೋಗಿ ಸವೇಲಿಗೆ ಹೂವಿಟ್ಟು ಬರುತ್ತಿದ್ದ. ಟೀವಿಯಲ್ಲಿ ನೀನು ಕಂಡಾಗ, "ನೋಡು, ದಪ್ಪ ಆಗಿದ್ದಾನೆ" ಎನ್ನುತ್ತಿದ್ದ. ಕಹಿಯಿಂದ ಅಲ್ಲ. ಹೋದ ಚಳಿಗಾಲದ ಹಿಂದಿನ ಚಳಿಗಾಲದಲ್ಲಿ ಸತ್ತ. ಕೊನೆಯವರೆಗೂ ಕಾದಿದ್ದ ಎಂದೇ ನಾನು ನಂಬಿದ್ದೇನೆ.

ಈಗ ನಿನ್ನ ಸಿನಿಮಾದ ಆ ದೃಶ್ಯಕ್ಕೆ ಬರುತ್ತೇನೆ. ಅಪಘಾತದ ನಂತರ ನಿನ್ನ ನಾಯಕ ಕಾಡಿನಲ್ಲಿ ಓಡುತ್ತಾನೆ, ಮುಗ್ಗರಿಸಿ ಬೀಳುತ್ತಾನೆ. ಕೋಟಿನ ಒಳಗೆ ಏನೋ ಚುಚ್ಚುತ್ತದೆ. ಕೈ ಹಾಕಿ ಎರಡು ವೈಪರ್‌ಗಳನ್ನು ತೆಗೆಯುತ್ತಾನೆ, ಬಹಳ ಹೊತ್ತು ನೋಡುತ್ತಾನೆ, ಹಿಮಕ್ಕೆ ಎಸೆದು ಅಳುತ್ತಾನೆ. ಎಳೆಯ ಹುಡುಗಿಯರು ಅವನ ಜೊತೆ ಅತ್ತರು. ವಿಮರ್ಶಕರೊಬ್ಬರು ಇದನ್ನು ಒಂದು ಪೀಳಿಗೆಯ ದಿಕ್ಕೆಟ್ಟ ದೃಷ್ಟಿಯ ಸಂಕೇತ ಎಂದು ಬರೆದಿದ್ದಾರೆ. ಸಂಕೇತವಂತೆ! ನಮ್ಮ ಹಿಂದಿನ ಸಾಲಿನಲ್ಲಿ ನಮ್ಮದೇ ವಯಸ್ಸಿನ ಗಂಡ ಹೆಂಡತಿ ಇದ್ದರು.

"ಲೇ, ವೈಪರ್ ಇವ್ನ ಜೇಬಲ್ಲಿದ್ರೆ ಗಾಡಿ ಇವ್ನದೇ ಅಲ್ವೇನೆ? ಆ ಟೋಪಿಯವ್ನು ಹೆಂಗ್ ಓಡ್ಸಿದ?"

"ಸುಮ್ನಿರಿ, ಸಿನಿಮಾ ಅದು."

"ಸಿನಿಮಾ ಆದ್ರೆ? ಗಾಜು ಕಾಣ್ದೇ ಇದ್ದಿದ್ದೂ ಅದಕ್ಕೇ ಮತ್ತೆ!"

ಸಭಾಂಗಣದಲ್ಲಿ ಅಲ್ಲಲ್ಲಿ ನರೆಗೂದಲಿನ ತಲೆಗಳು ಒಂದರ ಕಡೆಗೊಂದು ವಾಲಿದ್ದನ್ನು ನಾನು ಕಂಡೆ. ನೀನು ಮೊದಲ ಸಾಲಿನಲ್ಲಿ ಕೂತಿದ್ದೆ, ಹಿಂದಿರುಗಿ ನೋಡಲಿಲ್ಲ. ನಾನು ಜೇಬನ್ನು ನೋಡುತ್ತಿದ್ದೆ. ನೀಲಿ ಬಿಳಿ ಪಟ್ಟೆ. ಎಡಗಡೆ. ಉದ್ದನೆಯದು. ನಾನು ಹೊಲಿದದ್ದೇ. ಅಂಥ ಜೇಬೊಂದು ಲೋಕದಲ್ಲಿ ಇತ್ತೆಂದು ಬಲ್ಲವರು ಮೂವರು. ಅದರೊಳಗೆ ವೈಪರ್‌ಗಳು ಆ ಕಾಡಿನವರೆಗೂ ಹೋಗಿದ್ದವೆಂದು ಕಂಡವನು ಒಬ್ಬನೇ. ತನಿಖಾಧಿಕಾರಿಗೆ ನಾನು ಕೇಳಿದ ಪ್ರಶ್ನೆಗೆ ಇಷ್ಟು ವರ್ಷಗಳ ಮೇಲೆ, ಇಷ್ಟು ದೊಡ್ಡ ಪರದೆಯ ಮೇಲೆ, ನೀನೇ ಉತ್ತರ ಕೊಟ್ಟೆ.

ಮರೆತು ಹಾಗೆ ತೋರಿಸಿದೆಯೋ, ಮರೆಯಲಾಗದೆ ತೋರಿಸಿದೆಯೋ, ಅರ್ಕಾಷಾ? ಅಂದಿನಿಂದ ನಾನು ಇದನ್ನೇ ಯೋಚಿಸುತ್ತಿದ್ದೇನೆ. ಸುಳ್ಳನ್ನೇ ಹೇಳಬೇಕೆಂದಿದ್ದರೆ ಆ ದೃಶ್ಯ ನಿನಗೆ ಬೇಕಿರಲಿಲ್ಲ. ಸತ್ಯ ಹೇಳಬೇಕೆಂದಿದ್ದರೆ ವೋಡ್ಕಾ ಬಾಟಲಿ ಬೇಕಿರಲಿಲ್ಲ. ಎರಡನ್ನೂ ಒಂದೇ ಸಿನಿಮಾದಲ್ಲಿಟ್ಟು, ಮೊದಲ ಸಾಲಿನಲ್ಲಿ ಬೆನ್ನು ತೋರಿಸಿ ಕೂತವನ ಮೇಲೆ ನನಗೆ ಸಿಟ್ಟು ಬಂದಷ್ಟೇ ಮರುಕವೂ ಬಂತು. ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನವಲ್ಲ, ಹಿಮವೆಲ್ಲ ಕರಗುವವರೆಗೂ ನಾನು ನಿನ್ನ ಹೆಜ್ಜೆಯ ಸದ್ದಿಗೆ ಕಾದಿದ್ದೆ. ನಾನು ಕಾದದ್ದನ್ನು ನೀನು ಮರೆತುಬಿಡು. ತೀಷಾ ಕಾದದ್ದನ್ನು ಮರೆಯಬೇಡ.

ಜೂನ್ ತಿಂಗಳ ನಗರ ದಿನದಂದು ನಿನಗೆ ಗೌರವ ನಾಗರಿಕ ಪದವಿ ಕೊಡುತ್ತಾರಂತೆ. ಕೊಡಲಿ. ನನ್ನ ತಕರಾರಿಲ್ಲ. ಮಾಸ್ಕೋದಿಂದ ಹೊರಡುವ ಮುನ್ನ ಈ ಸಲವಾದರೂ ಪೂರ್ತಿಯಾಗಿ ಒಂದು ಗಳಿಗೆ ಕೂತು ಹೊರಡು, ಅವನು ಹೇಳಿದ ಹಾಗೆ. ನಿನ್ನ ದಾರಿ ಚೆನ್ನಾಗಿರಲಿ, ಗಾಜು ತಿಳಿಯಾಗಿರಲಿ. ನನಗೆ ಫೋನ್ ಮಾಡಬೇಡ, ನನ್ನ ವಿಳಾಸಕ್ಕೆ ಉತ್ತರ ಬರೆಯಬೇಡ. ಉಸ್ತೀನ್ಯಾ ತಿಖೋನೊವ್ನಾ ಅಂದು ಮೊದಲ ಸಾಲಿನಲ್ಲಿ ಕೂತಿರುತ್ತಾಳೆ, ನಾನು ಅವಳ ಪಕ್ಕದಲ್ಲಿ. ಪದಕ ಹಾಕಿಸಿಕೊಳ್ಳುವ ಮೊದಲು ಮೈಕಿನ ಮುಂದೆ ನಿಂತು, ಊರೆಲ್ಲ ಕೇಳುವಂತೆ, ಅವಳ ಮುಖ ನೋಡಿ ಹೇಳು: ಆ ದಿನ ಗಾಡಿ ಓಡಿಸುತ್ತಿದ್ದವನು ಯಾರು?

ನಿನ್ನ ಕೋಟಿಗೆ ಜೇಬು ಹೊಲಿದವಳು,
ಝೋಯಾ