ನಾಲ್ಕು ಬೆರಳು ಸಂದು

ಫೆಬ್ರವರಿ 11, ಬೆಳಿಗ್ಗೆ

ಹಡಗಿನ ಎಡಗಡೆಯ ಟರ್ಬೈನ್ ಇಂಜಿನಿಗೆ ಇವತ್ತು ಸ್ನಾನ. ಸಮುದ್ರದ ಗಾಳಿ ಕುಡಿದು ಕುಡಿದು ಒಳಗಿನ ರೆಕ್ಕೆಗಳಿಗೆಲ್ಲ ಉಪ್ಪು ಹತ್ತಿರುತ್ತದೆ. ಸೋಪುನೀರು ಬಿಟ್ಟು ನಿಧಾನಕ್ಕೆ ತಿರುಗಿಸಿ ತೊಳೆಯಬೇಕು. ಹೊಸ ಇಂಜಿನಿಯರ್ ಸಾಹೇಬರು ಪುಸ್ತಕ ನೋಡಿ ಹನ್ನೆರಡು ನಿಮಿಷ ಸಾಕು ಎಂದರು. ಹೊರಗೆ ಬಂದ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಇನ್ನೂ ಐದು ಎಂದೆ. ಮತ್ತೆ ಬಿಟ್ಟರು. ಬಂದದ್ದು ಕಾಫಿ ಬಣ್ಣದ ನೀರು. ಸಾಹೇಬರ ಮುಖ ಸಪ್ಪಗಾಯಿತು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಂಗೈ ಅಂದರೆ ಏನೆಂದು ಗೊತ್ತಾಗಲಿ.

ಮೂವತ್ತೊಂದು ವರ್ಷ ಹಡಗು ಕಟ್ಟುವ ಈ ಯಾರ್ಡಿನಲ್ಲಿ. ಒಂಬತ್ತು ಇಂಜಿನ್ ಹಡಗಿನ ಹೊಟ್ಟೆಯಿಂದ ಎಳೆದು ಹೊರಗೆ ಹಾಕಿದ್ದೇನೆ. ಬರೆದಿಟ್ಟಿರಲಿ.

ಫೆಬ್ರವರಿ 17, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಅವಳ ಮಗಳು ರಜೆಯ ದಿನವೂ ಮೇಜಿನ ತುಂಬ ನಕ್ಷೆ ಹರವಿಕೊಂಡು ಕೂತಿದ್ದಳು. ತಲೆಗೂದಲ ಗಂಟಿನಲ್ಲಿ ಎರಡು ಪೆನ್ಸಿಲ್. ಚಿಕ್ಕಂದಿನಿಂದಲೂ ಹಾಗೇ. ಅದಕ್ಕೇ ನಾನಿಟ್ಟ ಹೆಸರು ಪೆನ್ಸಿಲ್. ಈಗ ಯಾರ್ಡಿನ ಡಿಸೈನ್ ಆಫೀಸಿನಲ್ಲಿದ್ದಾಳೆ. ಹೊಸ ಹಡಗಿನ ಇಂಜಿನ್ ಕೋಣೆ ಅವಳ ಗುಂಪಿನ ಕೆಲಸ. ಇದನ್ನು ಚೆನ್ನಾಗಿ ಮುಗಿಸಿದರೆ ಮುಂದಿನ ಹಡಗಿನದು ಪೂರ್ತಿ ಅವಳ ಕೈಗೇ ಅಂತೆ. ಅಕ್ಕ ಬಡಿಸುತ್ತ ಬಡಿಸುತ್ತ ಮೂರು ಸಲ ಹೇಳಿದಳು.

ಪೆನ್ಸಿಲ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಮಾಮ, ಒಂದು ವಿಷ್ಯ ಕೇಳ್ತೀನಿ. ಬಡಾಯಿ ಕೊಚ್ಚಬಾರ್ದು."

"ನಾನಾ? ಜನ್ಮದಲ್ಲಿ ಕೊಚ್ಚಿಲ್ಲ."

ಒಳಗಿಂದ ಇವಳು ಕೆಮ್ಮಿದಳು. ಕಟ್ಟಿಕೊಂಡವಳ ಕೆಮ್ಮಿಗೆ ಔಷಧಿಯಿಲ್ಲ.

ವಿಷಯ ಇಷ್ಟು. ಗ್ಯಾಸ್ ಟರ್ಬೈನ್ ಕೆಟ್ಟರೆ ಹಡಗಿನೊಳಗೇ ಬಿಚ್ಚಿ ಕೂರುವುದಿಲ್ಲ. ಇಡೀ ಇಂಜಿನನ್ನೇ ಮೇಲಕ್ಕೆತ್ತಿ ಬೇರೆಯದನ್ನು ಇಳಿಸುತ್ತಾರೆ. ಎತ್ತುವ ದಾರಿ ಅದು ಗಾಳಿ ಎಳೆದುಕೊಳ್ಳುವ ಸುರಂಗವೇ. ನನ್ನ ಭಾಷೆಯಲ್ಲಿ ಹಡಗಿನ ಮೂಗು. ಕೆಳಗಿನ ಕೋಣೆಯಿಂದ ಮೂಗಿನ ಹೊಳ್ಳೆಯೊಳಗೆ ಹಾಯಿಸಿ, ಮೂರು ಅಂತಸ್ತು ಮೇಲೆ, ಆಕಾಶಕ್ಕೆ. ಹೊಳ್ಳೆಯ ಗೋಡೆಗೆ ಕಂಬಿ ಹಾಕಿದರೆ ಇಂಜಿನ್ ಆ ಕಂಬಿ ಹಿಡಿದು ನೆಟ್ಟಗೆ ಹತ್ತುತ್ತದೆ. ಆದರೆ ಕಂಬಿ ಭಾರ. ಹಡಗಿನ ತಲೆಯ ಮೇಲೆ ಭಾರ ಏರಿದರೆ ಅವಳ ಮೇಲಧಿಕಾರಿಗೆ ಆಗುವುದಿಲ್ಲ. ಆತನಿಗೆ ನಾನಿಟ್ಟ ಹೆಸರು ತಕ್ಕಡಿ.

"ಕಂಬಿ ಇಲ್ದೆ, ಬರೀ ಹಗ್ಗ ಹಿಡ್ಕೊಂಡು ಎತ್ತಕ್ಕಾಗುತ್ತಾ? ಸುತ್ತ ಎಷ್ಟು ಜಾಗ ಬಿಡ್ಬೇಕು?"

"ನಾಲ್ಕು ಮೂಲೆಗೆ ನಾಲ್ಕು ಹಗ್ಗ, ನಾಲ್ಕು ಗಟ್ಟಿ ಆಳು. ಸುತ್ತ ನಾಲ್ಕು ಬೆರಳು ಸಂದು. ಅದಕ್ಕಿಂತ ಜಾಸ್ತಿ ಬಿಟ್ರೆ ದಂಡ. ನಾನು ಹನ್ನೊಂದು ಇಂಜಿನ್ ಹಾಗೇ ಎತ್ಸಿದೀನಿ. ಒಂದು ಗೀರು ಬಿದ್ದಿಲ್ಲ."

"ಹೋದ ತಿಂಗಳು ಒಂಬತ್ತಿತ್ತು," ಒಳಗಿಂದ ಇವಳು. "ಇಂಜಿನ್ನು ಮರಿ ಹಾಕಿದ್ವಾ?"

ಅಕ್ಕ ನಕ್ಕಳು. ಪೆನ್ಸಿಲ್ ನಗಲಿಲ್ಲ. ತಲೆಯಿಂದ ಒಂದು ಪೆನ್ಸಿಲ್ ಕಿತ್ತು ನೋಟ್‌ಬುಕ್ ತೆರೆದಳು. ತಾರೀಕು ಹಾಕಿದಳು.

"ಇದು ಜೆಟ್ಟಿಯಲ್ಲಿ ತಾನೇ ಮಾಮ? ಹಡಗು ನೀರಿನ ಮೇಲಿದ್ದಾಗ?"

"ಮತ್ತೇನು ಗದ್ದೆ ಮೇಲಾ?"

ಈಗ ನಕ್ಕಳು. ಬರೆದುಕೊಂಡಳು.

ಫೆಬ್ರವರಿ 26

ತಕ್ಕಡಿಯ ಆಫೀಸಿನಿಂದ ಕರೆ ಬಂತು. ಕುರ್ಚಿ ಹಾಕಿ ಕೂರಿಸಿದರು. ಗಾಜಿನ ಲೋಟದಲ್ಲಿ ನೀರು ಕೊಟ್ಟರು. ಮೂವತ್ತೊಂದು ವರ್ಷದಲ್ಲಿ ಆ ಕಟ್ಟಡದೊಳಗೆ ನಾನು ಹೋದದ್ದು ಎರಡು ಸಲ. ಎರಡು ಸಲವೂ ಪೈಪ್ ಸೋರುತ್ತಿತ್ತು.

"ನಾಲ್ಕು ಬೆರಳು ಅಂದ್ರೆ ಮಿಲಿಮೀಟರಲ್ಲಿ?" ತಕ್ಕಡಿ ಕೇಳಿದ.

ಕೈ ಮೇಜಿನ ಮೇಲಿಟ್ಟೆ. ಪೆನ್ಸಿಲ್ ಸ್ಕೇಲ್ ಇಟ್ಟು ಅಳೆದಳು. ಎಂಬತ್ತು. ನನ್ನ ಬೆರಳು ಸ್ವಲ್ಪ ದಪ್ಪ.

ನಕ್ಷೆಯ ಅಂಚಿನಲ್ಲಿ 80 ಎಂದು ಬರೆದಳು. ಒಂದು ಯುದ್ಧನೌಕೆಯ ಮೂಗಿನ ಅಳತೆ ನನ್ನ ಕೈ. ಮನೆಗೆ ಬರುವಾಗ ದಾರಿಯುದ್ದಕ್ಕೂ ಕೈ ನೋಡಿಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದವನು ಗಾಯವಾಗಿದೆಯಾ ಎಂದು ಕೇಳಿದ.

ಮಾರ್ಚ್ 30

ತಿಂಗಳ ಮೊದಲಲ್ಲೇ ಪೆನ್ಸಿಲ್ ಕೇಳಿದ್ದಳು — ನೀರಿನ ಮೇಲೆ ಎತ್ತಿದ್ದು ಯಾವ್ಯಾವ ಹಡಗಿನದು, ಹಳೆಯ ವರದಿ ಸಿಗುತ್ತದಾ. ಹುಡುಕಿ ಹೇಳುತ್ತೇನೆ ಎಂದೆ.

ಹುಡುಕಲಿಲ್ಲ. ಎರಡು ಸಲ ಜ್ಞಾಪಿಸಿದಳು. ಆಮೇಲೆ ಕೆಲಸದ ಗಡಿಬಿಡಿ, ಬಿಟ್ಟಳು. ಮಾಮನ ಮಾತಲ್ಲವಾ.

ಆಗಸ್ಟ್ 3

ಎರಡೂವರೆ ವರ್ಷ ಈ ಪುಸ್ತಕ ಟ್ರಂಕಿನ ತಳದಲ್ಲಿತ್ತು. ಬರೆಯುವಂಥದ್ದೂ ಏನಿರಲಿಲ್ಲ. ಮಂಡಿ ನೋವು, ಹೊಸ ಕನ್ನಡಕ.

ಈಗ ಇದೆ. ಹಡಗು ಸಿದ್ಧವಾಗಿ ಜೆಟ್ಟಿಗೆ ಬಂದು ನಿಂತಿದೆ. ಕಂಬಿ ಇಲ್ಲದ ಮೂಗು. ಸಮುದ್ರಕ್ಕೆ ಬಿಡುವ ಮುಂಚೆ ಒಂದು ಇಂಜಿನ್ ಎತ್ತಿ ಇಳಿಸಿ ತೋರಿಸಬೇಕಂತೆ. ಎತ್ತುವ ಗುಂಪಿಗೆ ನಾನೇ ಮುಖ್ಯಸ್ಥ.

ಇನ್ನೊಂದು ಸುದ್ದಿ. ಡಿಸೆಂಬರಿಗೆ ನನ್ನ ಸರ್ವಿಸ್ ಮುಗಿಯುತ್ತದೆ. ಆಮೇಲೆ ಯಾರ್ಡಿನ ತರಬೇತಿ ಶಾಲೆಯಲ್ಲಿ ಮೇಷ್ಟ್ರಾಗಿ ಇಟ್ಟುಕೊಳ್ಳುತ್ತಾರಂತೆ. ಬಾಗಿಲ ಮೇಲೆ ಹೆಸರಿನ ಫಲಕ. ಏಳನೇ ಕ್ಲಾಸಿನವನನ್ನು ಡಿಪ್ಲೊಮಾ ಓದಿದವರು ಸರ್ ಎನ್ನುತ್ತಾರೆ. ಇವಳಿಗೆ ಹೇಳಿದೆ.

"ಒಳ್ಳೇದಾಯ್ತು ಬಿಡಿ. ಮನೇಲಿ ನಿಮ್ಮ ಕಥೆ ಕೇಳಿ ಕೇಳಿ ನನ್ನ ಕಿವಿ ಸವೆದು ಹೋಗಿತ್ತು. ಇನ್ನು ಅವರು ಕೇಳ್ಲಿ."

ಆಗಸ್ಟ್ 9, ಮಧ್ಯಾಹ್ನ

ಹನ್ನೊಂದು ಗಂಟೆಗೆ ಎತ್ತಲು ಶುರು. ಕ್ರೇನ್ ಜೆಟ್ಟಿಯ ಮೇಲೆ, ಗಟ್ಟಿ ನೆಲದಲ್ಲಿ. ಕ್ರೇನಿನವನ ಹೆಸರು ಕೊಕ್ಕರೆ, ಉದ್ದ ಕತ್ತು. ಪೆನ್ಸಿಲ್ ಡೆಕ್ಕಿನ ಮೇಲೆ, ಹೊಳ್ಳೆಯ ಬಾಯಲ್ಲಿ ಬಗ್ಗಿ ನೋಡುತ್ತಿದ್ದಳು. ಪಕ್ಕದಲ್ಲಿ ತಕ್ಕಡಿ. ನೌಕಾಪಡೆಯ ಇಬ್ಬರು. ನಾನು ಸುರಂಗದೊಳಗೆ ಮೊದಲ ಅಟ್ಟದ ಮೇಲೆ. ನಾಲ್ಕು ಹಗ್ಗ, ನಾಲ್ಕು ಆಳು.

ಒಂದು ಅಂತಸ್ತು ಸಲೀಸಾಗಿ ಬಂತು. ಕಾಗೆ ಪುಕ್ಕದ ಹಾಗೆ ತೇಲಿತು. ಮೇಲೆ ನೋಡಿ ಪೆನ್ಸಿಲ್‌ಗೆ ಹೆಬ್ಬೆರಳು ತೋರಿಸಿದೆ.

ಹೊರಗೆ ಯಾವುದೋ ಟಗ್ ದೋಣಿ ಹಾದುಹೋಗಿರಬೇಕು. ಅದರ ಅಲೆ ಬಂತು. ದೊಡ್ಡದೇನಲ್ಲ. ಹಡಗು ಒಂದು ಉಸಿರು ಎಳೆದು ಬಿಟ್ಟ ಹಾಗೆ ಮೇಲೆದ್ದು ಪಕ್ಕಕ್ಕೆ ವಾಲಿತು, ಅಷ್ಟೇ. ಇಂಜಿನ್ ಕ್ರೇನಿನದು. ಕ್ರೇನ್ ನೆಲದ್ದು. ಅದು ಇದ್ದಲ್ಲೇ ಇತ್ತು. ಗೋಡೆಯೇ ಅದರ ಮೇಲೆ ಬಂತು.

ಹಗ್ಗ ಹಿಡಿದವರು ಏನು ಮಾಡುತ್ತಾರೆ. ಅವರೂ ಹಡಗಿನ ಮೇಲೇ ನಿಂತವರು. ಗೋಡೆಯ ಜೊತೆ ಅವರೂ ಬಂದರು, ಹಗ್ಗವೂ ಬಂತು.

ಆ ಸದ್ದು. ಸ್ಟೀಲಿನ ಪಾತ್ರೆಗಳ ಕಪಾಟು ಮಗುಚಿದ ಹಾಗೆ. ಇಂಜಿನಿನ ಮುಂದಿನ ಮೈಯ ಸುತ್ತ ಸಣ್ಣ ಸಣ್ಣ ಸನ್ನೆಕೋಲುಗಳ ಸಾಲು ಇರುತ್ತದೆ, ಬಾಚಣಿಗೆಯ ಹಲ್ಲಿನಂತೆ. ಗಾಳಿಯನ್ನು ತಿದ್ದುವವು. ಒಂದು ಕಡೆಯವು ಪೂರ್ತಿ ಮಲಗಿದವು. ಕವಚ ತಗ್ಗಾಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಮೇಲೆ ನೋಡಿದೆ. ಪೆನ್ಸಿಲ್ ಇನ್ನೂ ಬಗ್ಗಿಯೇ ಇದ್ದಳು. ತಲೆಯ ಗಂಟಿನಿಂದ ಪೆನ್ಸಿಲೊಂದು ಜಾರಿ ಮೂರು ಅಂತಸ್ತು ಕೆಳಗೆ ಬಿತ್ತು.

ಆಗಸ್ಟ್ 10

ಕೊಕ್ಕರೆ ಕ್ಯಾಂಟೀನಿನಲ್ಲಿ ಕೇಳಿದ. "ಯಜಮಾನ್ರೆ, ಹಿಂದೆ ನೀರಿನ ಮೇಲೆ ಎತ್ಸಿದ್ರಲ್ಲ, ಆಗ ಕ್ರೇನ್ ಹೊಡೆದೋರು ಯಾರು?"

"ಸತ್ತು ಹೋದ, ಪಾಪ" ಎಂದೆ.

ಇನ್ನೊಂದು ಸುಳ್ಳಿಗೆ ಇಲ್ಲದವನೊಬ್ಬನನ್ನು ಸಾಯಿಸಿದೆ.

ಆಗಸ್ಟ್ 21

ವಿಚಾರಣೆ. ಉದ್ದ ಮೇಜು. ಆ ಕಡೆ ಐದು ಜನ. ಈ ಕಡೆಯ ತುದಿಯಲ್ಲಿ ಪೆನ್ಸಿಲ್, ತೊಡೆಯ ಮೇಲೆ ಕೈಚೀಲ. ನನ್ನನ್ನು ಒಳಗೆ ಕರೆದಾಗ ತಕ್ಕಡಿ ಒಂದು ಕಾಗದ ಓದುತ್ತಿದ್ದ. ಡಿಸೈನ್ ಟಿಪ್ಪಣಿ. ಅದರಲ್ಲಿ, ಕಂಬಿ ಬಿಡಲು ಕಾರಣ: ಯಾರ್ಡಿನ ಹಿರಿಯ ಫಿಟ್ಟರ್ ಒಬ್ಬರ ಅನುಭವ. ಅಂದರೆ ನನ್ನದು.

ನಡುವೆ ಕೂತವರು ಸೌಮ್ಯವಾಗಿಯೇ ಕೇಳಿದರು. "ಹಡಗು ನೀರಿನ ಮೇಲಿದ್ದಾಗ ಎಂಬತ್ತು ಮಿಲಿಮೀಟರ್ ಸಾಕು ಅಂತ ನೀವು ಹೇಳಿದ್ರಾ?"

ಒಂದು ಮಾತು. ಹೌದು ಎಂದರೆ ಮುಗಿಯಿತು. ಅವಳ ಮುಂದಿನ ಹಡಗು ಉಳಿದರೂ ಉಳಿಯುತ್ತಿತ್ತು.

ಬಾಗಿಲ ಮೇಲಿನ ಫಲಕ ಕಣ್ಣಮುಂದೆ ಬಂತು. ಬಿಳಿ ಅಕ್ಷರ.

"ಇಲ್ಲ ಸಾರ್. ನಾನು ಹೇಳಿದ್ದು ಡ್ರೈ ಡಾಕಿನ ಮಾತು. ಅಲ್ಲಿ ನೀರು ಖಾಲಿ ಮಾಡಿರ್ತಾರೆ, ಹಡಗು ದಿಮ್ಮಿಗಳ ಮೇಲೆ ಕೂತಿರುತ್ತೆ, ಅಲ್ಲಾಡಲ್ಲ. ನಾಲ್ಕು ಬೆರಳು ಸಾಕು. ನೀರಿನ ಮೇಲೂ ಹಾಗೇ ಅಂತ ಹುಡುಗಿ ತಾನೇ ಅಂದ್ಕೊಂಡಿರ್ಬೇಕು. ಚಿಕ್ಕ ವಯಸ್ಸು."

ಚಿಕ್ಕ ವಯಸ್ಸು ಎಂದದ್ದು ಏಕೆ? ಯಾರೂ ಕೇಳಿರಲಿಲ್ಲ.

ಅವಳ ಕಡೆ ತಿರುಗಿ ಕೇಳಿದರು, ನೀವೇನು ಹೇಳ್ತೀರಿ. ಕೈಚೀಲದ ಜಿಪ್ಪಿನ ಮೇಲೆ ಬೆರಳಿಟ್ಟಳು. ತೆಗೆದಳು.

"ಲೆಕ್ಕ ನಂದೇ ಸರ್. ಹಡಗಿನ ಅಲುಗಾಟ ನಾನು ಸೇರಿಸ್ಬೇಕಿತ್ತು. ಸೇರಿಸ್ಲಿಲ್ಲ."

ನನ್ನನ್ನು ನೋಡಲಿಲ್ಲ.

ಮನೆಯಲ್ಲಿ ಇವಳು. "ಏನ್ ಹೇಳಿ ಬಂದ್ರಿ?"

"ನಿಜ."

"ಯಾವ್ದನ್ನ?"

ಸೆಪ್ಟೆಂಬರ್ 14

ತೀರ್ಪು ಬಂತು. ಹೊಳ್ಳೆಗೆ ಕಂಬಿ ಹಾಕುತ್ತಾರೆ. ಪೆನ್ಸಿಲ್‌ಗೆ ಇಂಜಿನ್ ಕೋಣೆ ಇಲ್ಲ. ನಾವಿಕರ ಮಂಚ, ಕಪಾಟು, ಬಚ್ಚಲಿನ ನಕ್ಷೆ ಮಾಡುವ ವಿಭಾಗಕ್ಕೆ ಹಾಕಿದ್ದಾರೆ. ಮುಂದಿನ ಹಡಗು ಬೇರೆ ಯಾರಿಗೋ.

ನನ್ನ ಮೇಷ್ಟ್ರು ಕೆಲಸದ ಪತ್ರವೂ ಇದೇ ವಾರ ಬಂತು.

ಸೆಪ್ಟೆಂಬರ್ 19, ಭಾನುವಾರ

ಹೋಗದೆ ಇರೋಣ ಎಂದುಕೊಂಡಿದ್ದೆ. ಅಕ್ಕ ತಾನೇ ಫೋನ್ ಮಾಡಿ ಕರೆದಳು.

ಒಳಗೆ ಕಾಲಿಡುತ್ತಲೇ ನನ್ನ ಎರಡೂ ಕೈ ಹಿಡಿದುಕೊಂಡಳು. "ಎಲ್ಲರೂ ಒಂದಾಗಿ ಮೇಲೆ ಬಿದ್ದಾಗ ನೀನೊಬ್ಬ ಅವಳ ಪರವಾಗಿ ಮಾತಾಡಿದ್ಯಂತೆ ಕಣೋ. ಅವಳೇ ಹೇಳಿದ್ಲು. ಹೊಟ್ಟೆ ತಣ್ಣಗಿರ್ಲಿ."

ಅಡುಗೆಮನೆಯ ಬಾಗಿಲಲ್ಲಿ ಪೆನ್ಸಿಲ್ ನಿಂತಿದ್ದಳು. ಕೂದಲು ಬಿಟ್ಟಿದ್ದಳು. ಗಂಟಿಲ್ಲ, ಪೆನ್ಸಿಲಿಲ್ಲ.

ಇವಳು ನನ್ನನ್ನೇ ನೋಡುತ್ತಿದ್ದಳು. ಒಂದು ಕೆಮ್ಮು ಕೂಡ ಇಲ್ಲ. ಎರಡನೇ ಸಲವೂ ಹಾಕಿಸಿಕೊಂಡೆ, ಅಕ್ಕನಿಗೆ ಅನುಮಾನ ಬರಬಾರದೆಂದು.

ಊಟವಾದ ಮೇಲೆ ಹಿತ್ತಲಿಗೆ ಹೋದೆ. ಪೆನ್ಸಿಲ್ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

"ಪೆನ್ಸಿಲ್. ಒಂದು ಕಾಗದ ಬರೆದು ತಂದಿದೀನಿ. ನೀರಿನ ಮೇಲೆ ಅಂತ ನಾನೇ ಹೇಳ್ದೆ, ನೀನು ಕೇಳಿದ್ದೆ, ವರದಿ ಕೊಡ್ತೀನಂದು ಕೊಡ್ಲಿಲ್ಲ. ಎಲ್ಲಾ ಬರೆದಿದೀನಿ. ನಾಳೆ ಆಫೀಸಿಗೆ ಕೊಡ್ತೀನಿ."

ಕಾಗದ ತೆಗೆದುಕೊಂಡಳು. ಓದಿದಳು. ಬಟ್ಟೆ ಮಡಿಸುವ ಹಾಗೆ ನೀಟಾಗಿ ಮಡಿಸಿ ನನ್ನ ಜೇಬಿಗೇ ಇಟ್ಟಳು.

"ಆವತ್ತು ನೋಟ್‌ಬುಕ್ ನನ್ನ ಚೀಲದಲ್ಲೇ ಇತ್ತು. ತಾರೀಕು ಸಮೇತ. ಗದ್ದೆ ಮೇಲಾ ಅಂದದ್ದೂ ಬರೆದಿದ್ದೆ, ತಮಾಷೆಗೆ."

"ಮತ್ತೆ ಯಾಕೆ ತೆಗೀಲಿಲ್ಲ?"

"ತೆಗೆದು? ಸೋದರಮಾವ ಊಟದ ಹೊತ್ತಲ್ಲಿ ಹೇಳಿದ್ರು, ನಾನು ಹಡಗಿಗೆ ಹಾಕ್ದೆ, ಅನ್ಲಾ? ಲೆಕ್ಕ ತಪ್ಪಿದೋಳು ಅಂದ್ರೆ ಹತ್ತು ವರ್ಷಕ್ಕಾದ್ರೂ ಇನ್ನೊಂದು ಲೆಕ್ಕ ಕೊಡ್ತಾರೆ. ನಿಮ್ಮ ಮಾತು ನಂಬಿದೋಳು ಅಂತ ಗೊತ್ತಾದ್ರೆ ಸ್ಕೇಲೂ ಕೊಡಲ್ಲ."

ಬೈಯಲಿಲ್ಲ. ದನಿ ಏರಿಸಲಿಲ್ಲ. ಆಫೀಸಿನಲ್ಲಿ ಮಾತಾಡುವ ಹಾಗೆ ಮಾತಾಡಿದಳು. ನೀವು, ನಿಮ್ಮ. ಎತ್ತಿ ಆಡಿಸಿದ ದಿನದಿಂದ ನನಗೆ ಅವಳು ನೀನು ಎನ್ನುತ್ತಿದ್ದವಳು.

"ಆ ಕಾಗದ ಕೊಡ್ಬೇಡಿ. ನಿಮಗೆ ಹಗುರಾಗುತ್ತೆ, ನನಗೆ ಭಾರ ಆಗುತ್ತೆ."

ಬಟ್ಟೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅಕ್ಕ ಕೂಗಿದಳು, ಮಾಮನಿಗೆ ಕಾಫಿ ಕೊಡೇ. ಕೊಟ್ಟಳು. ಸಕ್ಕರೆ ಸರಿಯಾಗಿಯೇ ಇತ್ತು. ಒಂದೂವರೆ ಚಮಚ. ಮರೆತಿರಲಿಲ್ಲ.

ಜನವರಿ 6

ತರಬೇತಿ ಶಾಲೆಯಲ್ಲಿ ಮೊದಲ ದಿನ. ಫಲಕ ಹಾಕಿದ್ದಾರೆ. ಮೊಳೆ ಸ್ವಲ್ಪ ಓರೆ, ನಾನೇ ಸರಿಮಾಡಿಕೊಂಡೆ. ಕ್ಲಾಸಿನಲ್ಲಿ ಇಪ್ಪತ್ತೆರಡು ಜನ ಎದ್ದು ನಿಂತು ಸರ್ ಎಂದರು.

ಗೋಡೆಯ ಮೇಲೆ ಹೊಸ ಹಡಗಿನ ಮೂಗಿನ ನಕ್ಷೆ. ಕಂಬಿ ಹಾಕಿದ್ದು, ತಿದ್ದಿದ ಪ್ರತಿ. ತಿದ್ದಿದವರ ಸಹಿ ಬೇರೆ ಯಾರದ್ದೋ. 80 ಎಂಬ ಅಂಕಿಯ ಮೇಲೆ ಅಡ್ಡಗೀಟು. ಅಡಿಯಲ್ಲಿ ಅವಳ ಕೈಬರಹ ಇನ್ನೂ ಕಾಣುತ್ತದೆ. ಎಂಟರ ಸೊಂಟ ಸಣ್ಣ, ಚಿಕ್ಕಂದಿನಿಂದ ಹಾಗೇ ಬರೆಯುತ್ತಾಳೆ.

ಮುಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿದಳು. ನೋಟ್‌ಬುಕ್ ತೆರೆದು, ತಾರೀಕು ಹಾಕಿ ಕೂತಿದ್ದಳು.

"ಸರ್, ನೀವು ಎಷ್ಟು ಇಂಜಿನ್ ಎತ್ತಿದೀರಿ?"

ಹದಿನಾಲ್ಕು ಎಂದೆ. ನಾಲಿಗೆಯೇ ಹೇಳಿತು. ಅವಳು ಬರೆದುಕೊಂಡಳು.

ಜನವರಿ 6, ಸಂಜೆ

ಇವಳು ಕೇಳಿದಳು, ಮೊದಲ ದಿನ ಏನು ಪಾಠ ಮಾಡಿದಿರಿ. ಎದ್ದು ಬಂದು ಇಲ್ಲಿ ಕೂತಿದ್ದೇನೆ.

ಈ ಪುಸ್ತಕ ಓದುವವರು ಯಾರೂ ಇಲ್ಲ. ಇಲ್ಲಾದರೂ ಬರೆಯಬಹುದು. ಮೊದಲ ಪುಟದಲ್ಲೇ ಒಂಬತ್ತು ಎಂದು ಬರೆದಿದ್ದೇನೆ. ಯಾರಿಗೆ ಹೇಳುತ್ತಿದ್ದೆನೋ.

ಒಂಬತ್ತಲ್ಲ. ಹನ್ನೊಂದಲ್ಲ. ಎರಡು. ಎರಡೂ ಡ್ರೈ ಡಾಕಿನಲ್ಲಿ. ಮೊದಲನೆಯದರಲ್ಲಿ ನಾನು ಮೂಲೆಯ ಹಗ್ಗ ಹಿಡಿದಿದ್ದೆ, ಎತ್ತಿಸಿದವರು ಬೇರೆಯವರು. ಎರಡನೆಯದರಲ್ಲಿ ನಾನು ಹಗ್ಗವನ್ನೂ ಹಿಡಿದಿರಲಿಲ್ಲ, ನಿಂತು ನೋಡಿದೆ, ಅಷ್ಟೇ.