ಮಾವಿನ ಮರ ಕಡಿಸಬೇಡ

ತಮ್ಮ ಮಕೋಖಾ,

ನಮ್ಮ ಹೊಸ ತಗಡಿನ ಸೂರು ರಸ್ತೆಗೆ ಕಾಣಲೆಂದು ಅಂಗಳದ ಮಾವಿನ ಮರ ಕಡಿಸುತ್ತೇನೆ ಅಂದಿದ್ದೆಯಲ್ಲ, ಸ್ವಲ್ಪ ತಡೆ. ಈ ತುರ್ಕಾನಾ ಬೆಂಗಾಡಿನಲ್ಲಿ ಊರಿಗೆಲ್ಲ ಒಂದೇ ಜಾಲಿ ಮರ. ಅದರ ನೆರಳಲ್ಲಿ ವಯಸ್ಸು ನೋಡಿ ಜಾಗ ಕೊಡುತ್ತಾರೆ. ಮೇಷ್ಟ್ರಾದರೂ ನನಗೆ ಸಿಕ್ಕಿರುವುದು ಅಂಚು. ನೆರಳು ಸರಿದಂತೆ ಮಣೆ ಎತ್ತಿಕೊಂಡು ನನಗೂ ಸರಿದು ಸರಿದು ಸಾಕಾಗಿ ಹೋಗಿದೆ.

ನಿನ್ನೆ ಮುದುಕ ಲೊಪೆಯೊಕ್, "ನಿಮ್ಮನೇಲಿ ಮರ ಇಲ್ವೇನಪ್ಪಾ ಮೇಷ್ಟ್ರೇ?" ಅಂದ.

"ಇದೆ ಅಜ್ಜಾ, ಕಡಿಸ್ತಿದೀವಿ" ಅಂದೆ.

"ಯಾಕೆ, ಬಿಸಿಲು ಸಾಲ್ತಿಲ್ವಾ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಬಿಸಿಲಿಗೆ ನನಗೆ ಬಂದಿದ್ದ ಜ್ವರ ಬಿಟ್ಟಿದೆ, ತಲೆನೋವು ಬಿಟ್ಟಿಲ್ಲ. ಈ ಕಾರ್ಡು ಸೇರುವ ಮೊದಲೇ ಮರ ಉರುಳಿದ್ದರೆ ಆ ಸುದ್ದಿ ಮಾತ್ರ ಬರೆಯಬೇಡ; ಊರಿಗೆ ಬರುವವರೆಗೆ ಅದು ಇದೆ ಅಂದುಕೊಂಡೇ ಇಲ್ಲಿ ಕೂತಿರುತ್ತೇನೆ.

ನಿನ್ನಣ್ಣ ಬರಾಸಾ