ದಿಂಬು ಉಚಿತವಲ್ಲ

ಅಣ್ಣಾ,

ಎಂಥ ಕಾಗದವನ್ನಾದರೂ ನೀನು ನಿಂತುಕೊಂಡೇ ಓದುವವನು, ಅದೂ ಕೊನೆಯ ಸಾಲಿನಿಂದ. ಇದೊಂದನ್ನು ಕೂತು, ಮೊದಲಿನಿಂದ ಓದು. ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಯಾಕೆ ಅಂತ ಕೇಳುತ್ತೀಯ, ಗೊತ್ತು. ನಾನು ಬಾಯಿ ತೆಗೆದರೆ ಎರಡನೇ ವಾಕ್ಯಕ್ಕೇ "ಶುರುವಾಯ್ತು ಪಿಟೀಲು" ಅನ್ನುತ್ತೀಯ, ಅದಕ್ಕೆ. ಕಾಗದವನ್ನಾದರೆ ನಡುವೆ ತಡೆಯುವುದಕ್ಕೆ ಆಗುವುದಿಲ್ಲ. ಇದರ ಜೊತೆ ಮಡಚಿಟ್ಟಿರುವ ಇನ್ನೊಂದು ಹಾಳೆ ನನ್ನ ದರಪಟ್ಟಿ. ಅದನ್ನು ಈಗಲೇ ಬಿಚ್ಚಬೇಡ. ಬಿಚ್ಚಿದರೆ ನಿನ್ನ ಮೂಗಿನ ತುದಿ ಕೆಂಪಾಗುತ್ತದೆ, ಆಮೇಲೆ ನಾನು ಬರೆದ ಒಂದಕ್ಷರವೂ ನಿನ್ನ ತಲೆಗೆ ಹೋಗುವುದಿಲ್ಲ.

ನೇರವಾಗಿ ಭಾನುವಾರದ ವಿಷಯಕ್ಕೇ ಬರುತ್ತೇನೆ. ವರ್ತಕರ ಸಂಘದವರು 'ಗ್ರಾಹಕರ ಮೆಚ್ಚಿನ ಅಂಗಡಿ' ಅಂತ ಫಲಕ ಕೊಟ್ಟರು. ನೀನು ವೇದಿಕೆಯ ಮೇಲೆ, ನಾನು ಮತ್ತು ಅತ್ತಿಗೆ ಮೂರನೇ ಸಾಲಿನಲ್ಲಿ. ನೀನು ಓದಿದ ಭಾಷಣ ನಾನು ಬರೆದದ್ದು, ಅದಕ್ಕೆ ತಕರಾರಿಲ್ಲ. ಬರೆಸಿಕೊಂಡು ಓದುವವರು ಲೋಕದಲ್ಲಿ ನೀನೊಬ್ಬನೇ ಅಲ್ಲ. ಆದರೆ ಅಧ್ಯಕ್ಷರು ಮೈಕಿನಲ್ಲಿ, "ನಿಮ್ಮ ಹಾಸಿಗೆ ಅಂಗಡಿ ಪೇಜ್ ಅಷ್ಟು ಚೆನ್ನಾಗಿ ನಡೀತಿದೆಯಲ್ಲ, ಯಾರು ನೋಡ್ಕೊಳ್ಳೋದು?" ಅಂತ ಕೇಳಿದಾಗ ನೀನು ನನ್ನ ಹಾಳೆ ಮಡಚಿ ಜೇಬಿಗೆ ಹಾಕಿ, ನಿನ್ನ ಸ್ವಂತ ಮಾತು ಆಡಿದೆ. "ನಾನೇ ನೋಡ್ಕೋತೀನಿ ಸಾರ್. ಫೋಟೋ ಗೀಟೋ ಹಾಕೋಕೆ ತಂಗಿ ಇದ್ದಾಳೆ. ಮನೇಲೇ ಇರ್ತಾಳೆ, ಹೇಗೂ ಇಡೀ ದಿನ ಫೋನ್ ಹಿಡ್ಕೊಂಡೇ ಕೂತಿರ್ತಾಳೆ." ಸಭೆಯೆಲ್ಲ ನಕ್ಕಿತು. ಆ ನಗುವಿನ ಹುರುಪಿನಲ್ಲಿ, ಮುಂದಿನ ಸಾಲಿನಲ್ಲಿದ್ದ ನಿನ್ನ ಮೂವರು ಸ್ನೇಹಿತರ ಕಡೆ ಕೈ ತೋರಿಸಿ, "ನಿಮ್ಮದೂ ಮಾಡಿಕೊಡ್ತಾಳೆ ಬಿಡ್ರೋ, ದುಡ್ಡು ಗಿಡ್ಡು ಏನೂ ಬೇಡ" ಅಂದುಬಿಟ್ಟೆ. ಟೈಲ್ಸ್ ಅಂಗಡಿಯವರು, ಬಣ್ಣದ ಅಂಗಡಿಯವರು, ಸೈಕಲ್ ಅಂಗಡಿಯವರು ಮೂವರೂ ಕುರ್ಚಿಯಲ್ಲಿ ತಿರುಗಿ ನನ್ನನ್ನು ನೋಡಿ ತಲೆಯಾಡಿಸಿದರು. ಅತ್ತಿಗೆ ನನ್ನ ಮೊಣಕೈ ಹಿಡಿದುಕೊಂಡರು. ಹಿಡಿಯದಿದ್ದರೆ ನಾನು ಅಲ್ಲೇ ಎದ್ದು ನಿಲ್ಲುತ್ತಿದ್ದೆ.

ಮನೆಗೆ ಬಂದು, ಊಟಕ್ಕೆ ಕೂತಾಗ ಕೇಳಿದೆ. ಇನ್ನು ಮೇಲೆ ನಿನ್ನ ಅಂಗಡಿಯ ಕೆಲಸಕ್ಕೂ ದರ ಇದೆ ಅಂದೆ. ನೀನು ತಟ್ಟೆಯನ್ನು ಆಚೆ ತಳ್ಳಿ, "ನನ್ನ ಹತ್ರ ದುಡ್ಡು ಕೇಳ್ತೀಯಾ? ನಿನ್ನ ಓದಿಸಿದ್ದು ಯಾರು?" ಅಂದೆ. ಆಗ ನಾನು ಎದ್ದು ನಿನ್ನ ತಟ್ಟೆ ತೆಗೆದಿಟ್ಟೆ. ಈಗ ಉತ್ತರ ಕೊಡುತ್ತೇನೆ.

ಓದಿಸಿದ್ದು ನೀನು. ಅಪ್ಪ ಹೋದಾಗ ನನಗೆ ಹನ್ನೊಂದು, ನಿನಗೆ ಹತ್ತೊಂಬತ್ತು. ನೀನು ಕಾಲೇಜಿನ ಚೀಲವನ್ನು ಗೂಟಕ್ಕೆ ತೂಗುಹಾಕಿ ಅಪ್ಪನ ಹಾಸಿಗೆ ಅಂಗಡಿಗೆ ಹೋದೆ, ಆಮೇಲೆ ಆ ಚೀಲವನ್ನು ಯಾರೂ ಇಳಿಸಲಿಲ್ಲ. ಸಂಜೆ ಬರುವಾಗ ನಿನ್ನ ಹುಬ್ಬಿನಲ್ಲಿ, ಕಿವಿಯಲ್ಲಿ ಹತ್ತಿ. ನನ್ನ ಫೀಸು ಒಂದು ಸಲವೂ ತಡವಾಗಲಿಲ್ಲ. ನಿನ್ನ ಚಪ್ಪಲಿಯ ಹಿಮ್ಮಡಿ ಸವೆದು ನೆಲ ಕಾಣುತ್ತಿತ್ತು. ಇದನ್ನೆಲ್ಲ ನಾನು ಮರೆತಿದ್ದೇನೆ ಅಂದುಕೊಂಡೆಯಾ? ನಾಳೆ ನಿನಗೆ ಜ್ವರ ಬಂದರೆ ಪಕ್ಕದಲ್ಲಿ ಕೂತು ಬಟ್ಟೆ ಒದ್ದೆ ಮಾಡಿ ಹಣೆಗೆ ಇಡುವವಳು ನಾನೇ, ಅದಕ್ಕೆ ಯಾವ ಪಟ್ಟಿಯಲ್ಲೂ ದರ ಇಲ್ಲ. ಆದರೆ ಆ ಋಣವನ್ನು ನಿನ್ನ ಅಂಗಡಿಯ ಕೆಲಸಕ್ಕೆ ಗಂಟು ಹಾಕಬೇಡ. ನನ್ನನ್ನು ಓದಿಸಿದ್ದು ನಾನು ಕೆಲಸ ಮಾಡಲಿ ಅಂತ ತಾನೇ? ಈಗ ಕೆಲಸವನ್ನೇ ಕೆಲಸ ಅಲ್ಲ ಅಂದರೆ ಓದಿಸಿದ್ದು ಯಾಕೆ?

ನಾಲ್ಕು ವರ್ಷದ ಹಿಂದೆ ನೀನು ಅಂಗಡಿಯ ಫೋನನ್ನು ನನ್ನ ಮುಂದಿಟ್ಟು, "ಎರಡು ಫೋಟೋ ಹಾಕು ಸಾಕು, ಎರಡು ನಿಮಿಷದ ಕೆಲಸ" ಅಂದೆ. ನಿಜ ಹೇಳಬೇಕೆಂದರೆ ನಾನೂ ಅದನ್ನು ನಂಬಿದೆ. ನಂಬಿದ್ದಕ್ಕೇ ಮೊದಲು ಹೊರಗಿನ ಕೆಲಸ ಹಿಡಿದಾಗ ಮುಗ್ಗರಿಸಿದೆ. ಎಲ್ಲರೂ ಮಾಡುವ ಹಾಗೆ ನಾನೂ ಮೂರು ಪ್ಯಾಕೇಜು ಮಾಡಿದೆ. ಬೆಳ್ಳಿಗೆ ತಿಂಗಳಿಗೆ ಎಂಟು ಪೋಸ್ಟು, ಚಿನ್ನಕ್ಕೆ ಹನ್ನೆರಡು, ವಜ್ರಕ್ಕೆ ಇಪ್ಪತ್ತು. ಜನರು ಬರೆದ ಸಂದೇಶಗಳಿಗೆ ಉತ್ತರ ಕೊಡುವುದು ಮೂರಕ್ಕೂ ಉಚಿತ, ಅದೇನು ಮಹಾ ಅಂತ. ಹಲ್ಲಿನ ಡಾಕ್ಟರೊಬ್ಬರು ಬೆಳ್ಳಿ ತಗೊಂಡರು. ಎಂಟು ಪೋಸ್ಟು ಎರಡು ದಿನದಲ್ಲಿ ಮುಗಿಯಿತು. ಉಳಿದ ಇಪ್ಪತ್ತೆಂಟು ದಿನ ಊರಿನ ಹಲ್ಲುನೋವೆಲ್ಲ ನನ್ನ ತಲೆಗೆ ಬಂತು. "ದವಡೆ ಊದಿದೆ, ಬಿಸಿ ನೀರು ಇಡಲೋ ತಣ್ಣೀರು ಇಡಲೋ?" ಅಂತ ಒಬ್ಬರು. "ಕೀಳೋವಾಗ ಸದ್ದು ಬರುತ್ತಾ?" ಅಂತ ಇನ್ನೊಬ್ಬರು. ಡಾಕ್ಟರನ್ನು ಕೇಳಿ, ತಿಳಿದುಕೊಂಡು, ಹೆದರಿದವರಿಗೆ ಹೆದರಿಕೆ ಹೋಗುವ ಹಾಗೆ ಬರೆಯಬೇಕು. ತಿಂಗಳ ಕೊನೆಗೆ ಅವರು, "ಪೋಸ್ಟ್ ಎಂಟೇ ಇದೆಯಲ್ಲಮ್ಮಾ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ" ಅಂದರು. ಮಾಡಿಕೊಂಡೆ! ಅಂಥ ಪೆದ್ದಿ ನಿನ್ನ ತಂಗಿ.

ಆಮೇಲೆ ಒಂದು ತಿಂಗಳು ಅತ್ತಿಗೆಯ ಅಡುಗೆಮನೆಯ ಗಡಿಯಾರವನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು, ನಿನ್ನ ಅಂಗಡಿಗೆ ನಾನು ಎಷ್ಟು ಹೊತ್ತು ಕೊಡುತ್ತೇನೆ ಅಂತ ಬರೆದಿಟ್ಟೆ. ನಲವತ್ತೊಂದು ಗಂಟೆ. ಅದರಲ್ಲಿ ಫೋಟೋಗೆ ಹೋದದ್ದು ಒಂಬತ್ತು. "ಕೆಂಪು ಇನ್ನೂ ಸ್ವಲ್ಪ ಕೆಂಪಾಗಲಿ", "ಏನೋ ಕಮ್ಮಿ ಇದೆ, ಏನು ಅಂತ ಗೊತ್ತಿಲ್ಲ" ಅಂತ ನೀನು ಹೇಳಿದ್ದನ್ನು ತಿದ್ದುವುದಕ್ಕೆ ಆರು. ಉಳಿದ ಇಪ್ಪತ್ತಾರು ಗಂಟೆ ಬರೀ ಉತ್ತರ. ಹಾಸಿಗೆ ಅಂಗಡಿಗೆ ಜನ ಏನು ಬರೆಯುತ್ತಾರೆ ಅಂತ ನಿನಗೆ ಗೊತ್ತಾ? ನೀನು ಒಂದು ದಿನವೂ ತೆರೆದು ನೋಡಿದವನಲ್ಲ. ಅಳತೆ, ಬೆಲೆ ಕೇಳುವವರು ಅರ್ಧ. ಉಳಿದರ್ಧ ಜನ ನಿದ್ದೆ ಬರದವರು. ಬೆನ್ನು ಹಿಡಿದವರು, ಹೊಸದಾಗಿ ಒಂಟಿಯಾದವರು, ಗಂಡನ ಗೊರಕೆಗೆ ಬೇರೆ ಮಂಚ ಹುಡುಕುವವರು. ಅಪರಿಚಿತರಿಗೆ ಹೇಳಿಕೊಳ್ಳುವುದು ಅವರಿಗೆ ಸುಲಭ. ಕೇಳಿಸಿಕೊಳ್ಳುವುದಕ್ಕೆ ಆ ಕಡೆ ಒಬ್ಬರು ಇರಬೇಕಲ್ಲ, ಆ ಒಬ್ಬಳು ನಾನು.

ಆ ಬಸ್ ಡ್ರೈವರನ್ನೇ ತಗೋ. ಅವರು ಸಂಘಕ್ಕೆ ಬರೆದ ಮೆಚ್ಚುಗೆಯ ಕಾಗದದಿಂದಲೇ ಅಲ್ಲವೇ ನಿನಗೆ ಫಲಕ ಬಂದದ್ದು? ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಮೊದಲ ದಿನ ಬರೆದದ್ದು ಒಂದೇ ಸಾಲು: ಸಿಂಗಲ್ ಹಾಸಿಗೆ ಎಷ್ಟು? ನಾನು ಬೆಲೆ ಹೇಳಿ, ಈಗಿರುವುದು ಯಾವ ಥರದ್ದು ಅಂತ ಕೇಳಿದೆ. ಮರುದಿನ ಬರೆದರು, ಡಬಲ್ಲು, ಹತ್ತಿಯದ್ದು, ನಿಮ್ಮ ಅಂಗಡಿಯದ್ದೇ, ಮದುವೆಯಾದ ಹೊಸತರಲ್ಲಿ ತಗೊಂಡದ್ದು ಅಂತ. ಹೀಗೆ ಮೂರು ವಾರ ದಿನಕ್ಕೆ ಒಂದೆರಡು ಸಾಲು. ಕೊನೆಗೆ ಒಂದು ದಿನ, ಹಾಸಿಗೆಯಲ್ಲಿ ಹೆಂಡತಿ ಮಲಗುತ್ತಿದ್ದ ಕಡೆ ಒಂದು ತಗ್ಗು ಇದೆ, ಅದರ ಪಕ್ಕ ಮಲಗುವುದಕ್ಕೂ ಆಗುತ್ತಿಲ್ಲ, ಎಸೆಯುವುದಕ್ಕೂ ಆಗುತ್ತಿಲ್ಲ ಅಂತ ಬರೆದರು. ನಾನು ಅವರು ಅಲ್ಲಿಯವರೆಗೆ ಬರೆದದ್ದನ್ನೆಲ್ಲ ಮೊದಲಿನಿಂದ ಓದಿದೆ. ಆಮೇಲೆ ಬರೆದೆ: ಆ ಹಾಸಿಗೆಯನ್ನು ಅಂಗಡಿಗೆ ತನ್ನಿ, ಅವರು ಮಲಗುತ್ತಿದ್ದ ಕಡೆಯ ಹತ್ತಿಯನ್ನು ಬಿಡಿಸಿ ಒಂದು ದಿಂಬು ಮಾಡಿಕೊಡುತ್ತೇವೆ.

ಅವರು ಬಂದ ದಿನ ನಾನು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಫೋಟೋ ತೆಗೆಯುತ್ತಿದ್ದೆ. ಅವರು ನಿನ್ನ ಎರಡೂ ಕೈ ಹಿಡಿದುಕೊಂಡು, "ನೀವು ಬರೆದಿದ್ದು ಓದಿ ಓದಿಯೇ ನಾನು ಇಷ್ಟು ದಿನ ತಳ್ಳಿದ್ದು" ಅಂದರು. ನಿನಗೆ ತಲೆಬುಡ ಗೊತ್ತಿರಲಿಲ್ಲ. ಆದರೂ, "ಇರಲಿ ಬಿಡಿ ಸಾರ್, ನಮ್ಮ ಕರ್ತವ್ಯ" ಅಂದೆ. ನನ್ನ ಕಡೆ ಒಮ್ಮೆ ತಿರುಗಿ ನೋಡುತ್ತೀಯ ಅಂತ ಕಾದೆ. ನೀನು ರಸೀದಿ ಪುಸ್ತಕದ ಕಡೆ ತಿರುಗಿದೆ. ಅವತ್ತೇ ಹೇಳಬೇಕಿತ್ತು. ಹೇಳದೆ ನುಂಗಿಕೊಂಡದ್ದು ನನ್ನ ತಪ್ಪು, ಒಪ್ಪುತ್ತೇನೆ.

ಈಗ ಒಂದು ವಿಷಯ ನೆನಪಿಸುತ್ತೇನೆ. ಮೂರು ವರ್ಷದ ಹಿಂದಿನವರೆಗೂ ನಮ್ಮ ಅಂಗಡಿಯ ಮುಂದೆ 'ಡಬಲ್ ಹಾಸಿಗೆಗೆ ಎರಡು ದಿಂಬು ಉಚಿತ' ಅಂತ ಬೋರ್ಡು ಇತ್ತು. ಜನ ದಿಂಬು ಬೇಡ, ಅಷ್ಟು ಬೆಲೆ ಇಳಿಸಿ ಅನ್ನುತ್ತಿದ್ದರು. ತಗೊಂಡವರು ಕುತ್ತಿಗೆ ನೋವು ಅಂತ ವಾಪಸ್ ಬಂದು ನಿನ್ನ ಮೇಲೇ ಹಾರಾಡುತ್ತಿದ್ದರು. ಒಂದು ದಿನ ಯಾರೋ ಹಾಸಿಗೆಯನ್ನು ಗಾಡಿಗೆ ಹೇರಿ, ಎರಡೂ ದಿಂಬನ್ನು ಮೆಟ್ಟಿಲ ಮೇಲೇ ಬಿಟ್ಟು ಹೋದರು. ನೀನು ಸಿಟ್ಟಿನಿಂದ ಬೋರ್ಡು ಕಿತ್ತು ಹಾಕಿ, ಒಳ್ಳೆ ಹತ್ತಿಯ ದಿಂಬು ಹೊಲಿಸಿ, ಗಾಜಿನ ಕಪಾಟಿನಲ್ಲಿ ಬೆಲೆಚೀಟಿ ಅಂಟಿಸಿ ಇಟ್ಟೆ. ಯಾರು ತಗೋತಾರೆ ಅಂತ ನಾನು ನಕ್ಕೆ. ನೀನು ಅಂದದ್ದು ನನಗೆ ಬಾಯಿಪಾಠ ಆಗಿದೆ: "ಬಿಟ್ಟಿ ಕೊಟ್ಟಿದ್ದನ್ನ ಯಾರೂ ತಲೆ ಕೆಳಗೆ ಇಟ್ಕೊಳ್ಳಲ್ಲ ಕಣೆ. ಹಾಸಿಗೆ ಎಷ್ಟೇ ಚೆನ್ನಾಗಿರ್ಲಿ, ಕುತ್ತಿಗೆ ಹಿಡಿಯೋದು ದಿಂಬಿನಿಂದ." ಆ ವರ್ಷ ಹಾಸಿಗೆಗಿಂತ ದಿಂಬೇ ಹೆಚ್ಚು ಹೋಯಿತು.

ಅಣ್ಣಾ, ನಾಲ್ಕು ವರ್ಷದಿಂದ ನಿನ್ನ ಅಂಗಡಿಯ ಬಿಟ್ಟಿ ದಿಂಬು ನಾನು. ಭಾನುವಾರ ನನ್ನನ್ನು ಇನ್ನೂ ಮೂರು ಅಂಗಡಿಗೆ ಉಚಿತ ಅಂತ ಹಂಚಿದೆ. ನಾನು ಹೋಗುವುದಿಲ್ಲ.

ಸೋಮವಾರ ಬೆಳಿಗ್ಗೆ ನಿನ್ನ ಮೂವರು ಸ್ನೇಹಿತರಿಗೂ ದರಪಟ್ಟಿ ಕಳಿಸಿದೆ. ಸೈಕಲ್ ಅಂಗಡಿಯವರು ಇನ್ನೂ ತುಟಿ ಬಿಚ್ಚಿಲ್ಲ. ಬಣ್ಣದ ಅಂಗಡಿಯವರು, "ನಿಮ್ಮಣ್ಣ ಫ್ರೀ ಅಂದಿದ್ರಲ್ಲಮ್ಮಾ" ಅಂದರು. "ಅಣ್ಣನ ಅಂಗಡೀಲಿ ದಿಂಬೂ ಫ್ರೀ ಇಲ್ಲ ಸಾರ್" ಅಂದೆ. ಸಿಟ್ಟು ಮಾಡಿಕೊಂಡು ಫೋನಿಟ್ಟರು. ನಿನಗೆ ದೂರು ಹೇಳಿರುತ್ತಾರೆ, ಹೇಳಲಿ. ಟೈಲ್ಸ್ ಅಂಗಡಿಯವರು ಮಾತ್ರ ನನ್ನನ್ನು ಅಂಗಡಿಗೇ ಕರೆಸಿ, ಪಟ್ಟಿಯನ್ನು ಎರಡು ಸಲ ಓದಿ, ಮೊದಲನೇ ಸಾಲಿನ ಮೇಲೆ ಬೆರಳಿಟ್ಟು, "ಇದು ಸರಿಯಾಗಿದೆ. ನಮ್ಮಲ್ಲಿ ಬರೆದವರಿಗೆ ಉತ್ತರ ಕೊಡೋರೇ ಇಲ್ಲ" ಅಂದು, ಮೊದಲ ತಿಂಗಳಿನದ್ದನ್ನು ಮುಂಗಡವಾಗಿ ಕೊಟ್ಟರು. ಅದರಲ್ಲಿ ನಾನೊಂದು ಕೋಣೆ ಹಿಡಿದಿದ್ದೇನೆ. ಕೀಲಿಕೈ ಮಾಡುವವರ ಅಂಗಡಿಯ ಮೇಲೆ, ಒಂದು ಮೇಜು, ಒಂದು ಕುರ್ಚಿ, ಪಕ್ಕದ ಕಟ್ಟಡದ ಮೆಟ್ಟಿಲಿಗೆ ತೆರೆಯುವ ಕಿಟಕಿ. ಕೆಳಗಿನಿಂದ ಕೀಲಿ ಉಜ್ಜುವ ಸದ್ದು ಹಲ್ಲು ಜುಮ್ಮೆನ್ನಿಸುತ್ತದೆ. ಈ ಪತ್ರ ಬರೆಯುತ್ತಿರುವುದೂ ಅಲ್ಲಿಂದಲೇ. ಸಂಜೆ ಮನೆಗೇ ಬರುತ್ತೇನೆ, ಮುಖ ಗಂಟಿಕ್ಕಿಕೊಂಡು ಕೂರಬೇಡ. ಇನ್ನು ಮೇಲೆ ಊಟದ ಮೇಜಿನ ಮೇಲೆ ಬರೀ ಊಟ ಇರುತ್ತದೆ, ಅಷ್ಟೇ.

ಈಗ ಆ ಹಾಳೆ ಬಿಚ್ಚು.

ಬೆಳ್ಳಿ ಚಿನ್ನ ವಜ್ರ ಎಲ್ಲ ಹರಿದು ಹಾಕಿದೆ. ಮೊದಲ ಸಾಲೇ ಬರೆದವರಿಗೆ ಉತ್ತರ: ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು, ಭಾನುವಾರ ರಜೆ. ಅದರ ಕೆಳಗೆ ತಿಂಗಳಿಗೆ ಹನ್ನೆರಡು ಪೋಸ್ಟು. ತಿದ್ದುವುದು ಎರಡು ಸಲ, ಮೂರನೇ ಸಲ ಕೆಂಪನ್ನು ಇನ್ನೂ ಕೆಂಪು ಮಾಡಬೇಕೆಂದರೆ ಅದಕ್ಕೆ ಬೇರೆ ದರ. ಎಲ್ಲ ಸೇರಿ ತಿಂಗಳಿಗೆ ಆಗುವುದು ನಿನ್ನ ಅಂಗಡಿಯ ಒಂದೂವರೆ ಡಬಲ್ ಹಾಸಿಗೆಯ ಬೆಲೆ. ಕಳೆದ ತಿಂಗಳು ಪೇಜ್ ನೋಡಿಕೊಂಡು ಬಂದು ಹಾಸಿಗೆ ತಗೊಂಡವರು ಹದಿನಾಲ್ಕು ಜನ, ರಸೀದಿ ಪುಸ್ತಕ ನೀನೇ ನೋಡು. ಅಣ್ಣ ಅಂತ ಇದರಲ್ಲಿ ಕಡಿಮೆ ಮಾಡಿಲ್ಲ. ಪೆನ್ಸಿಲ್ ಹಿಡಿದು ಮೂರು ಸಲ ಕಡಿಮೆ ಮಾಡಿದೆ, ಮೂರು ಸಲ ಅಳಿಸಿದೆ. ಮೊದಲನೇ ಸಾಲನ್ನು ಹೊಡೆದು ಹಾಕಿ, "ಅದನ್ನ ಹಾಗೇ ಮಾಡ್ಕೊಡು" ಅಂತ ಮಾತ್ರ ಅನ್ನಬೇಡ. ಆ ಸಾಲು ಹೋದರೆ ನಾನೂ ಹೋದೆ.

ಒಪ್ಪಿಗೆಯಾದರೆ ಸಹಿ ಹಾಕಿ ಅತ್ತಿಗೆಯ ಕೈಯಲ್ಲಿ ಕಳಿಸು. ಇಲ್ಲದಿದ್ದರೆ ಇದರೊಳಗಿನ ಸಣ್ಣ ಲಕೋಟೆ ಒಡೆ, ಅದರಲ್ಲಿ ಎಲ್ಲ ಪಾಸ್‌ವರ್ಡ್ ಬರೆದಿದ್ದೇನೆ. ಒಂದನೇ ತಾರೀಕಿನಿಂದ ಪೇಜು ನಿನ್ನದು. ಆಗಲೂ ನೀನು ನನ್ನ ಅಣ್ಣನೇ, ನಾನು ಮಾತು ಬಿಡುವುದಿಲ್ಲ. ಬಿಡಬೇಕೆಂದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಆದರೆ ನಿನ್ನ ಹೆಸರಿನಲ್ಲಿ ಮತ್ತೆ ಒಂದು ಸಾಲನ್ನೂ ಬಿಟ್ಟಿ ಬರೆಯುವುದಿಲ್ಲ.

ತಿಂಗಳ ಕೊನೆಯವರೆಗೆ ಎಂದಿನ ಹಾಗೆ ಎಲ್ಲರಿಗೂ ಉತ್ತರ ಕೊಡುತ್ತೇನೆ, ಒಬ್ಬರನ್ನು ಬಿಟ್ಟು. ಇವತ್ತು ಬೆಳಿಗ್ಗೆ ಬಸ್ ಡ್ರೈವರ್ ಬರೆದಿದ್ದಾರೆ. ಅವರ ಮಾತನ್ನು ಹಾಗೆಯೇ ಇಳಿಸುತ್ತೇನೆ: "ದಿಂಬು ಚೆನ್ನಾಗಿದೆ. ನಿದ್ದೆ ಬರ್ತಿದೆ. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ಅಂಗಡೀಲಿ ನಿಮ್ಮ ಜೊತೆ ಮಾತಾಡಿದೆ. ಆದ್ರೆ ನೀವು ಬರೆಯೋ ಹಾಗೆ ಮಾತಾಡಲಿಲ್ಲ. ನನಗೆ ಬರೀತಿದ್ದವರು ಬೇರೆ ಯಾರಾದ್ರೂ ಇದ್ದಾರಾ?"

ನಾಲ್ಕು ವರ್ಷದಲ್ಲಿ ನಾನು ಉತ್ತರ ಕೊಡದೆ ಬಿಟ್ಟ ಮೊದಲ ಸಂದೇಶ ಇದು. ಇದಕ್ಕೆ ನೀನು ಬರೆ, ನಿನ್ನ ಕೈಯಿಂದ. ಅಂಗಡಿಯ ಫೋನನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಟ್ಟು ಬಂದಿದ್ದೇನೆ, ಪೇಜು ತೆರೆದೇ ಇದೆ. ಎರಡು ನಿಮಿಷದ ಕೆಲಸ.

ಬೆನ್ನು ನೋಡಿಕೋ, ಮಧ್ಯಾಹ್ನದ ಊಟ ತಪ್ಪಿಸಬೇಡ. ನಿನಗೆ ಒಳ್ಳೆಯ ನಿದ್ದೆ ಬರಲಿ.

ನಿನ್ನ ತಂಗಿ,
ಪಿಟೀಲು